ಗಡಿಯಾರದ ಅಜ್ಜನ ಮರೆವು

ಫೆಬ್ರವರಿ 4, ಮಂಗಳವಾರ

ಎಂದಿನಂತೆ ಬಸ್ಸು ತಪ್ಪಿತು. ಎಂದಿನಂತೆ ಓಡಿದೆ. ಜೆರೊಂಟಾಲಜಿ ಎಂ.ಎ. ಎಂದರೆ ಕೂತು ಓದುವುದು ಅಂದುಕೊಂಡಿದ್ದೆ. ಮುದುಕರ ಶಾಸ್ತ್ರ ಓದೋಕೆ ಹೋಗಿ ನೀನೇ ಮುದುಕಿ ಆಗ್ತಿದ್ದೀಯ ಎಂದು ಅಕ್ಕನ ಗೇಲಿ.

ಮಂಗಳವಾರದ ಫೀಲ್ಡ್‌ವರ್ಕ್ — ಗಡಿಯಾರದ ಅಜ್ಜನ ಮನೆ. ಆಯುಷ್ಯವೆಲ್ಲ ವಾಚ್ ರಿಪೇರಿ ಮಾಡಿದವರು. ಈಗ ಮರೆವು. ತಾವಾಗಿಯೇ ನಮ್ಮ ವಿಭಾಗಕ್ಕೆ ಬಂದು, ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡರಂತೆ. ಹೆಂಡತಿ ನಿವೃತ್ತ ಶಿಕ್ಷಕಿ. ನಾನೂ ಟೀಚರ್ ಎಂದೇ ಕರೆಯುವುದು. ಬಾಯಿ ತುಂಬ ಮಾತು, ಮೈ ತುಂಬ ಗತ್ತು.

"ಇವತ್ತೂ ಗ್ಯಾಸ್ ಆರಿಸೋದು ಮರೆತಿದ್ರು ಇವರು. ಪಾತ್ರೆ ತಳ ಹಿಡಿದುಹೋಯ್ತು. ಕೇಳಿದ್ರೆ, ಹೂಂ ನಾನೇ ಕಣೇ ಅಂತಾರೆ. ನಾಚಿಕೇನೂ ಇಲ್ಲ."

ಅಜ್ಜ ನಕ್ಕರು. ಡಬ್ಬಿಗಳಿಗೆ ಚೀಟಿ ಅಂಟಿಸಿದೆವು — ಸಕ್ಕರೆ, ಉಪ್ಪು. ದೊಡ್ಡದಾಗಿ ಬರಿ, ದೊಡ್ಡದಾಗಿ ಬರಿ ಎಂದು ಅಜ್ಜ ಒಂದೇ ಸಮ ಹೇಳುತ್ತಿದ್ದರು.

ಫೆಬ್ರವರಿ 11

ಇವತ್ತು ಮರೆವಿನ ಟೆಸ್ಟ್. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದೆ. ಅಂಕಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದರು. ಟೀಚರ್ ಪಕ್ಕದಲ್ಲೇ ಕೂತು ಲೊಚಗುಟ್ಟಿದರು. ಗಡಿಯಾರದಲ್ಲೇ ಬದುಕಿದ ಮನುಷ್ಯ... ಬಸ್ಸಿನಲ್ಲಿ ಅಳು ಬಂತು.

ಫೆಬ್ರವರಿ 12, ಬೆಳಿಗ್ಗೆ

ಏನೋ ಸರಿಯಿಲ್ಲ. ಆ ಗಡಿಯಾರವನ್ನೇ ನೋಡುತ್ತ ಕೂತಿದ್ದೇನೆ. ಅಂಕಿಗಳು ದಿಕ್ಕಾಪಾಲು, ನಿಜ. ಅವನ್ನು ಬೆರಳಿನಿಂದ ಮುಚ್ಚಿ ಮುಳ್ಳುಗಳನ್ನಷ್ಟೇ ನೋಡಿದರೆ ಕರಾರುವಾಕ್ಕಾಗಿ ಹನ್ನೊಂದು ಹತ್ತು. ಗಂಟೆಯ ಮುಳ್ಳು ಹನ್ನೊಂದರ ಜಾಗದಲ್ಲಿಲ್ಲ, ಅದನ್ನು ದಾಟಿ ತುಸುವೇ ಮುಂದೆ. ಹತ್ತು ನಿಮಿಷಕ್ಕೆ ಎಷ್ಟು ಸರಿಯಬೇಕೋ ಅಷ್ಟೇ. ನಮ್ಮ ಕ್ಲಾಸಿನಲ್ಲಿ ಯಾರೂ ಹಾಗೆ ಬರೆಯಲಾರರು. ಅಜ್ಜ ಬೇಕೆಂದೇ ತಪ್ಪು ಮಾಡಿದ್ದಾರೆ. ಕೈ ಮಾತ್ರ ಕೇಳಿಲ್ಲ.

ಯಾಕೆ ಈ ನಾಟಕ?

ಫೆಬ್ರವರಿ 18, ಮಂಗಳವಾರ

ಬಾಗಿಲು ತೆರೆದವರು ಟೀಚರ್. "ಯಾರು ಬೇಕಿತ್ತಮ್ಮ?"

ಅಜ್ಜ ಒಳಗಿನಿಂದ ಓಡಿ ಬಂದು, "ಬಾ ಬಾ, ನಿನ್ನ ಆಟ ಆಡಿಸ್ತಿದ್ದಾಳೆ," ಎಂದರು. ಟೀಚರೂ ತಕ್ಷಣ ನಕ್ಕರು. ಎಷ್ಟು ಚೆನ್ನಾಗಿ ನಕ್ಕರೆಂದರೆ, ಹೋದ ವಾರವಾಗಿದ್ದರೆ ನಂಬಿಬಿಡುತ್ತಿದ್ದೆ.

ಹೊರಡುವಾಗ ಅಜ್ಜನನ್ನು ಮೆಟ್ಟಿಲ ಹತ್ತಿರ ಹಿಡಿದೆ. "ಅಜ್ಜಾ, ಮರೆವು ನಿಮಗಲ್ಲ."

ಅಜ್ಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೋದ ವರ್ಷ ಡಾಕ್ಟರು ಇವಳ ಮುಖದ ಮೇಲೇ ಮರೆವಿನ ಕಾಯಿಲೆ ಅಂತ ಹೇಳಿಬಿಟ್ರು. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ಲು. ಆಮೇಲೆ ಆ ಮಾತೂ ಮರೆತುಹೋಯ್ತು. ಅವತ್ತಿಂದ ಮರೆವೆಲ್ಲ ನಂದೇ ಅಂದೆ. ಈಗ ನನ್ನ ಬೈಕೊಂಡು ಗೆಲುವಾಗಿದ್ದಾಳೆ. ನೀನು ನನಗೆ ಹೇಳ್ಕೊಟ್ಟಿದ್ದೆಲ್ಲ ಅವಳಿಗೇ ಮಾಡ್ತೀನಿ ಮಗಳೇ."

ಮೊನ್ನೆ ಟೀಚರ್ ನಸುಕಿನಲ್ಲಿ ಬರಿಗಾಲಲ್ಲಿ ರಸ್ತೆಗೆ ಹೋಗಿದ್ದರಂತೆ. ನಾನೇ ಹೇಳಿದೆ — ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಶುಕ್ರವಾರ ಫೀಲ್ಡ್‌ವರ್ಕ್ ರಿವ್ಯೂ ಇದೆ, ನಮ್ಮ ಪ್ರೊಫೆಸರ್ ಮೇಡಂಗೆ ಹೇಳಲೇಬೇಕು ಎಂದೂ ಹೇಳಿದೆ.

"ಸೋಮವಾರದವರೆಗೆ ತಡಿ. ಅವಳಿಗೆ ನಾನೇ ಹೇಗಾದ್ರೂ ಹೇಳ್ತೀನಿ."

ಫೆಬ್ರವರಿ 21, ಶುಕ್ರವಾರ

ಪ್ರೊಫೆಸರ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹೆಂಡತಿ ಹೇಗಿದ್ದಾರೆ? ಭಾರ ಎಲ್ಲ ಅವರ ಮೇಲೇ ಅಲ್ವಾ?"

"ಗಟ್ಟಿಯಾಗಿದ್ದಾರೆ ಮೇಡಂ."

ಸೋಮವಾರದವರೆಗೆ ತಡೆಯುತ್ತೇನೆಂದು ಅಜ್ಜನಿಗೆ ಮಾತು ಕೊಟ್ಟಾಗಿದೆ, ಏನು ಮಾಡಲಿ. ಅಜ್ಜನಿಗೆ ಏನಾದರೂ ಆದರೆ ಆ ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಾರೆ? ಭಯವಾಗುತ್ತಿದೆ.

ಫೆಬ್ರವರಿ 23, ಭಾನುವಾರ. ಅವರ ಬಾಗಿಲ ಹೊರಗೆ

ಬೆಳಿಗ್ಗೆಯಿಂದ ಅಜ್ಜ ಫೋನ್ ಎತ್ತಲಿಲ್ಲ. ಬಂದೆ. ಮುಚ್ಚಿದ ಕಿಟಕಿಯ ಗಾಜಿನಲ್ಲಿ ಅವರ ಕಾಲು ಕಾಣುತ್ತಿದೆ. ನೆಲದ ಮೇಲೆ. ಆಂಬುಲೆನ್ಸ್ ಹೊರಟಿದೆಯಂತೆ. ಬಾಗಿಲಿಗೆ ಒಳಗಿನಿಂದ ಬೀಗ — ನಾನು ಹಾಕಿಸಿದ ಬೀಗ. ಪಕ್ಕದ ಮನೆಯವರು ಹಾರೆ ಹುಡುಕಲು ಓಡಿದ್ದಾರೆ. ಸುಮ್ಮನೆ ನಿಂತಿರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

"ಟೀಚರ್, ಅಜ್ಜನ ಜೇಬಲ್ಲಿ ಕೀ ಇದೆ. ತಂದು ಬಾಗಿಲು ತೆಗೀರಿ."

"ಇರು, ತರ್ತೀನಿ."

ಹೋದರು. ಬಂದರು. "ಯಾರದು? ಇವರು ಮಲಗಿದ್ದಾರಮ್ಮ. ಏಳೋದನ್ನೇ ಮರೆತಿದ್ದಾರೆ."

ಮತ್ತೆ ಹೇಳಿದೆ. ಮತ್ತೆ ಹೋದರು. ಮತ್ತೆ, "ಯಾರದು?"

ಒಂದು ಸಲಕ್ಕೆ ಒಂದೇ ಮಾತು — ಕ್ಲಾಸಿನಲ್ಲಿ ನಾನೇ ಬರೆದುಕೊಂಡದ್ದು. "ಟೀಚರ್, ಅಜ್ಜನ ಹತ್ರ ಹೋಗಿ." ಹೋದರು. "ಕೂತ್ಕೊಳ್ಳಿ." ಕೂತರು. "ಅವರ ಜೇಬಿಗೆ ಕೈ ಹಾಕಿ."

"ಗಂಡನ ಜೇಬಿಗೆ ಕೈ ಹಾಕೋಳಲ್ಲ ನಾನು." ಸಿಟ್ಟು.

ಆಗ ಅಜ್ಜನ ದನಿ. ಬದುಕಿದ್ದಾರೆ... ತೊದಲುತ್ತ, ಒಂದೊಂದೇ ಮಾತು. "ಕೀ... ಎಲ್ಲಿಟ್ಟೆ ಅಂತ... ಮರೆತೆ ಕಣೇ. ಹುಡುಕಿಕೊಡು."

"ನಿಮ್ಮ ಮರೆವಿಗಷ್ಟು ಬೆಂಕಿ ಹಾಕ," ಎಂದರು ಟೀಚರ್. "ಜೇಬಲ್ಲೇ ಇದೆಯಲ್ರೀ."

ಹೆಜ್ಜೆ ಸದ್ದು ಈ ಕಡೆಗೇ ಬರುತ್ತಿದೆ. ಟೀಚರ್, ಈ ಕಡೆ, ಈ ಕಡೆ ಎಂದು ಕೂಗುತ್ತಲೇ ಇದ್ದೇನೆ. ಕೀ ಬೀಗಕ್ಕೆ ತಾಗಿದ ಸದ್ದು. ನಿಂತರು.

"ಯಾರದು?"

"ನಾನು ಟೀಚರ್. ಕೈಯಲ್ಲಿರೋ ಕೀನ ಹಾಗೇ ಬಲಕ್ಕೆ ತಿರುಗಿಸಿ."

ಕೀ ತಿರುಗಿದ ಸದ್ದು.