ಮುಂಗಡ ಸಹಿ

ಜನವರಿ 11, ಶುಕ್ರವಾರ

ಪಾಲಿಸಿ ನವೀಕರಣ ಮುಗಿಯಿತು. ಹೊಣೆ ವಿಮೆ. ನಾವು ನೋಡಿಕೊಳ್ಳುವ ಲಿಫ್ಟಿನಲ್ಲಿ ಯಾರಿಗಾದರೂ ಏಟಾದರೆ ಕಂಪನಿ ಕೊಡುತ್ತದೆ. ಈ ಕಾಗದ ಇಲ್ಲದೆ ನಮ್ಮ ಪೆರ್ನಿಕ್ ಊರಿನಲ್ಲಿ ಒಂದು ಲಿಫ್ಟನ್ನೂ ಮುಟ್ಟುವ ಹಾಗಿಲ್ಲ. ಇಪ್ಪತ್ತೆರಡು ವರ್ಷ. ಒಂದು ಕ್ಲೇಮೂ ಇಲ್ಲ. ಹೆಂಡತಿ ಮಿಲ್ಕಾ ಕಾಗದವನ್ನು ಬೀರುವಿನಲ್ಲಿಡುತ್ತಾ, "ಇಷ್ಟು ವರ್ಷ ಕಟ್ಟಿದ್ದಕ್ಕೆ ಒಂದು ಕ್ಯಾಲೆಂಡರ್ ಆದ್ರೂ ಕೊಡಬಾರ್ದಾ?" ಅಂದಳು. ಕೊಟ್ಟಿದ್ದಾರಲ್ಲ — ಈ ಡೈರಿ. ರಟ್ಟಿನ ಮೇಲೆ ಕಂಪನಿಯ ಹೆಸರು ಹೊಳೆಯುತ್ತಿದೆ.

ಮಧ್ಯಾಹ್ನ ಹದಿನಾಲ್ಕನೇ ಬ್ಲಾಕ್, ಬಿ ಪ್ರವೇಶದ್ವಾರದ ಲಿಫ್ಟು. ಬೀದಿ ಬಾಗಿಲಿಗೆ ಪೆನ್ಕಾಳ ಫೋಟೊ ಅಂಟಿಸಿದ್ದಾರೆ, ಕಪ್ಪು ಅಂಚಿನ ಕಾಗದ. ಮೊನ್ನೆ ಮಣ್ಣು ಮಾಡಿದರು. ಗಂಡ ಗೆಂಚೊ ಅಣ್ಣ ಆ ಕಟ್ಟಡದ ಮೇಲ್ವಿಚಾರಕ — ನಿವೃತ್ತ ಭೂಗೋಳದ ಮೇಷ್ಟ್ರು. ಲಿಫ್ಟಿನ ತಪಾಸಣೆ ಪುಸ್ತಕ ಇರುವುದು ಅವನ ಅಡುಗೆಮನೆಯ ಡ್ರಾಯರಿನಲ್ಲಿ. ಕೇಳಿ ಇಸಿದುಕೊಂಡರೆ ರಾಕಿಯಾ ಸಾರಾಯಿ ಕುಡಿಸದೆ ಬಿಡುವುದಿಲ್ಲ, ಇವತ್ತು ಅಳದೆಯೂ ಬಿಡಲಿಲ್ಲ. ತಿಂಗಳು ತಿಂಗಳು ಯಾರು ಕೂರುತ್ತಾರೆ? ಜನವರಿ 18, ಫೆಬ್ರವರಿ 18 — ಎರಡಕ್ಕೂ ಇವತ್ತೇ ಸಹಿ ಹಾಕಿಬಿಟ್ಟೆ. "ತಪಾಸಣೆ ಮಾಡಿದೆ, ಎಲ್ಲ ಸರಿ."

ನಲವತ್ತೊಂದು ಲಿಫ್ಟು, ನಾವು ಇಬ್ಬರು. ಇನ್ನೊಬ್ಬ ಕ್ರುಮ್, ನನ್ನ ಷಡ್ಡಕ. ಮಿಲ್ಕಾಳ ತಂಗಿಯ ಗಂಡ. ಅವನು ಹೋದ ವರ್ಷ ಹೀಗೆ ಮುಂಗಡ ಸಹಿ ಹಾಕಿ ಸಿಕ್ಕಿಬಿದ್ದಾಗ ನಾನೇ ಬಾಯಿಗೆ ಬಂದಂತೆ ಬೈದಿದ್ದೆ. ಅಂದಿನಿಂದ ಬಿಟ್ಟಿದ್ದಾನೆ ಪಾಪ. ನಾನು ಬಿಟ್ಟಿಲ್ಲ. ಯಜಮಾನ ನೋಡಿ.

ಫೆಬ್ರವರಿ 15, ಶುಕ್ರವಾರ

ಬಿ ಪ್ರವೇಶದ ಲಿಫ್ಟು ಮತ್ತೆ ನಿಂತಿದೆ. ಐದನೇ ಮಹಡಿ ಬಾಗಿಲಿನ ಕಾಂಟ್ಯಾಕ್ಟ್ ಸವೆದಿದೆ. ಮುಚ್ಚಿದ ಬಾಗಿಲನ್ನೂ ತೆರೆದಿದೆ ಅಂದುಕೊಂಡು ಲಿಫ್ಟು ಕದಲುವುದಿಲ್ಲ. ಹೊಸದು ರಾಜಧಾನಿ ಸೋಫಿಯಾದಿಂದ ಬುಧವಾರ ಬರುತ್ತದೆ. ಬೋರ್ಡು ತಗುಲಿಸಿ ಹೊರಟೆ. ಮೆಟ್ಟಿಲಲ್ಲಿ ಗೆಂಚೊ ಅಣ್ಣ ಅಡ್ಡ ನಿಂತ.

"ಲಾಜರ್, ನಾಳೆ ನಿಮ್ಮತ್ತಿಗೆಯ ನಲವತ್ತನೇ ದಿನದ ಊಟ ಕಣೋ."

"ಗೊತ್ತಣ್ಣ."

"ಅವಳಕ್ಕ ಬರ್ತಾಳೆ. ಎಂಬತ್ನಾಲ್ಕು ವಯಸ್ಸು. ಎಂಟು ಮಹಡಿ ಹತ್ತಿಸಿದ್ರೆ ಅವಳದ್ದೂ ಇದ್ರ ಜೊತೆಗೇ ಮುಗಿಸ್ಬೇಕಾಗುತ್ತೆ."

ನಕ್ಕುಬಿಟ್ಟೆ. ಅವನೂ ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ. "ಒಂದೇ ಒಂದು ದಿನ ಓಡ್ಸಪ್ಪ. ಪೆನ್ಕಾ ನಿಂಗೆ ಎಷ್ಟು ಸಲ ಚೀಸ್ ಹಾಕಿ ಬಾನಿತ್ಸಾ ಸುಟ್ಟು ಕಟ್ಟಿಕೊಟ್ಟಿದಾಳೆ!"

ಹಾಕಿದೆ. ಒಂದು ಗೇಣು ತಂತಿ. ಕಾಂಟ್ಯಾಕ್ಟಿನ ಎರಡು ತುದಿ ಸೇರಿಸಿದರೆ ಲಿಫ್ಟಿನ ಪಾಲಿಗೆ ಆ ಬಾಗಿಲು ಸದಾ ಮುಚ್ಚಿಯೇ ಇದೆ — ಹಾರು ಹೊಡೆದಿದ್ದರೂ. ಆ ಬಾಗಿಲಿನ ಚಿಲಕ ಬೇರೆ ಸಡಿಲ, ಸರಿಯಾಗಿ ಕೂರದೆ ಇದ್ದರೆ ಎಳೆದ ಕೂಡಲೇ ಬರುತ್ತದೆ. ಮಾಡಬಾರದ ಕೆಲಸ. ಈ ಕಸುಬಿನಲ್ಲಿ ಮಾಡದವನನ್ನು ನಾನು ಕಂಡಿಲ್ಲ. ಏನು ಮಾಡಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಪೇರಿ ಆಯಿತು ಅಂದುಕೊಂಡ. ನಾಳೆ ಊಟ ಮುಗಿದ ಮೇಲೆ ತೆಗೆಯಬೇಕು.

ಫೆಬ್ರವರಿ 16, ಶನಿವಾರ

ಊಟ ಚೆನ್ನಾಗಿತ್ತು. ಬೇಯಿಸಿದ ಗೋಧಿ, ಹುರುಳಿ ಸಾರು, ಕೆಂಪು ವೈನ್. ಕುಡಿಯುವ ಮೊದಲು ಎಲ್ಲರೂ ಒಂದು ಹನಿ ನೆಲಕ್ಕೆ ಬಿಟ್ಟೆವು, ಪೆನ್ಕಾಳ ಪಾಲು. ಮುದುಕಿಯರು ಲಿಫ್ಟಿನಲ್ಲಿ ಬಂದರು, ಲಿಫ್ಟಿನಲ್ಲಿ ಹೋದರು. ನನ್ನನ್ನು ಹರಸಿದರು.

ಬಡಿಸಿದವಳು ವೆನೆತಾ. ಐದನೇ ಮಹಡಿಯವಳು. ಹೊಲಿಗೆ ಕೆಲಸ, ಮನೆಯಲ್ಲಿ ತಾಯಿ ಒಬ್ಬಳೇ. ನನ್ನ ಕೋಟಿನ ಒಳಜೇಬು ಹರಿದದ್ದು ನೋಡಿ, "ಬಿಚ್ಚಿಕೊಡಿ ಲಾಜರಣ್ಣ. ನೀವು ಇನ್ನೊಂದು ಬಟ್ಟಲು ತಿನ್ನೋದ್ರೊಳಗೆ ಆಗುತ್ತೆ" ಅಂದಳು. ಹೇಳಿದ ಹಾಗೇ ಹೊಲಿದುಕೊಟ್ಟಳು.

ಮೈ ಕಾದಿದೆ. ಗಂಟಲು ನೋವು. ತಂತಿ — ಸೋಮವಾರ ತೆಗೆದರಾಯಿತು.

ಫೆಬ್ರವರಿ 22, ಶುಕ್ರವಾರ

ಐದು ದಿನ ಮೂವತ್ತೊಂಬತ್ತು ಡಿಗ್ರಿ ಜ್ವರ. ಹಾಸಿಗೆ ಬಿಟ್ಟು ಏಳಲಿಲ್ಲ. "ಅವರ ಕಟ್ಟಡಗಳನ್ನೂ ನೀವೇ ನೋಡಿಕೊಳ್ಳಿ" ಎಂದು ಮಿಲ್ಕಾ ಕ್ರುಮ್‌ಗೆ ಫೋನ್ ಮಾಡಿದ್ದಳಂತೆ. ತಂತಿಯ ವಿಷಯ ಅವಳಿಗೆ ಹೇಗೆ ಗೊತ್ತಿರಬೇಕು.

ಬೆಳಿಗ್ಗೆ ಕ್ರುಮ್ ಬಂದ. ಟೋಪಿ ತೆಗೆಯಲಿಲ್ಲ, ಕೂರಲಿಲ್ಲ.

"ನಿನ್ನೆ ಮಧ್ಯಾಹ್ನ. ವೆನೆತಾ. ಎರಡೂ ಕೈಲಿ ಚೀಲ, ಐದನೇ ಮಹಡಿಯಲ್ಲಿ ಬಲ್ಬ್ ಇಲ್ಲ. ಬಾಗ್ಲು ಎಳೆದಿದಾಳೆ, ಬಂದಿದೆ. ಲಿಫ್ಟು ಎರಡನೇದ್ರಲ್ಲಿತ್ತು."

"ಸತ್ಲಾ?"

"ಇಲ್ಲ. ಲಿಫ್ಟಿನ ಮಾಡಿನ ಮೇಲೆ ಬಿದ್ಲು. ಬೆನ್ನು ಮುರಿದಿದೆ. ಕಾಲು ಅಲ್ಲಾಡ್ತಿಲ್ವಂತೆ."

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ನನ್ನ ತಂತಿ. "ಪೊಲೀಸ್ ಬರೋ ಮುಂಚೆ ಕಿತ್ತೆ. ಹೊಸ ಕಾಂಟ್ಯಾಕ್ಟ್ ಬ್ಯಾಗಲ್ಲೇ ಇತ್ತು, ಹಾಕ್ದೆ. ಚಿಲಕಾನೂ ಬಿಗಿ ಮಾಡ್ದೆ."

"ಇಡೀ ವಾರ ಏನ್ ಕತ್ತೆ ಕಾಯ್ತಿದ್ದೆಯೋ? ಅಲ್ಲಿಗೆ ಹೋಗ್ಲೇ ಇಲ್ವಾ?"

"ಮಂಗಳವಾರ ಹೋಗಿದ್ದೆ. ಮೊದ್ಲು ಪುಸ್ತಕ ನೋಡ್ದೆ. ಹದಿನೆಂಟನೇ ತಾರೀಕು, ನಿನ್ ಸಹಿ. ಜ್ವರದಲ್ಲೂ ನಿನ್ನೆ ಬಂದು ನೋಡ್ಕೊಂಡು ಹೋಗಿದಾನೆ, ಎಂಥಾ ಮನುಷ್ಯನಪ್ಪ ಅಂದ್ಕೊಂಡೆ. ವಾಪಸ್ ಬಂದೆ."

ಅವನು ಹೋದ ಮೇಲೆ ತಂತಿಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡೆ.

ಫೆಬ್ರವರಿ 25, ಸೋಮವಾರ

ವಿಮೆ ಕಂಪನಿಯಿಂದ ಟೆರ್ಜಿಯೆವಾ ಮೇಡಂ ಬಂದಿದ್ದರು. ಕ್ಲೇಮ್ ವಿಚಾರಣೆ. ಬೂಟಿನ ಮಣ್ಣು ಚಾಪೆಗೆ ಉಜ್ಜಿ ಉಜ್ಜಿ ಒಳಗೆ ಬಂದರು. ಗೆಂಚೊ ಅಣ್ಣನಿಂದ ತಂದಿದ್ದ ತಪಾಸಣೆ ಪುಸ್ತಕ ನೋಡಿ ಖುಷಿಪಟ್ಟರು.

"ಮೂರು ದಿನ ಮೊದಲಷ್ಟೇ ನೋಡಿದ್ದೀರಿ. ಎಷ್ಟು ಅಚ್ಚುಕಟ್ಟು! ಎಲ್ಲರೂ ನಿಮ್ಮ ಹಾಗಿದ್ದರೆ ನನಗೆ ಕೆಲಸವೇ ಇರಲ್ಲ. ಬಾಗಿಲು ಹೊರಗಿನಿಂದ ತೆಗೆಯೋ ತ್ರಿಕೋನ ಕೀಲಿ ಇರುತ್ತಲ್ಲ, ಅದು ಬೇರೆ ಯಾರ ಹತ್ತಿರ ಇದೆ?"

"ಮೇಲ್ವಿಚಾರಕರ ಹತ್ತಿರ ಒಂದು." ಕೊಟ್ಟವನು ನಾನೇ. ಯಾರಾದರೂ ಸಿಕ್ಕಿಕೊಂಡರೆ ನನ್ನನ್ನು ಭಾನುವಾರ ಎಬ್ಬಿಸದೆ ಅವನೇ ತೆಗೆಯಲಿ ಎಂದು. ಅದನ್ನು ಹೇಳಲಿಲ್ಲ.

"ವಯಸ್ಸಾದವರು ಅಲ್ಲವಾ? ಹೆಂಡತಿ ತೀರಿಕೊಂಡು ಮಂಕಾಗಿದ್ದಾರಂತೆ." ಬರೆದುಕೊಂಡರು. "ಅವರು ತೆಗೆದು ಸರಿಯಾಗಿ ಮುಚ್ಚದೆ ಬಿಟ್ಟಿದ್ದರೆ ಹೊಣೆ ನಿಮ್ಮದಲ್ಲ. ಹಾಗಾಗಿ ನಮ್ಮದೂ ಅಲ್ಲ."

"ಆಗ ವೆನೆತಾಗೆ ಯಾರು ಕೊಡ್ತಾರೆ?"

"ಅವರ ಮೇಲೆ ಕೇಸು ಹಾಕಿಕೊಳ್ಳಲಿ." ಗೆಂಚೊ ಅಣ್ಣನ ಪಿಂಚಣಿಯ ಮೇಲೆ, ಎಂದರ್ಥ.

ಬೇಕೆಂದೇ ಸುಮ್ಮನೆ ಕೇಳುವವನ ಹಾಗೆ ಕೇಳಿದೆ: ಒಂದು ವೇಳೆ ಕಂಟ್ರಾಕ್ಟರೇ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಮಾಡಿದ್ದರೆ? ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆಕೆಗೆ ಪೂರ್ತಿ ಕೊಡುತ್ತೇವೆ. ಆಮೇಲೆ ಕಂಟ್ರಾಕ್ಟರಿಂದ ಪೂರ್ತಿ ವಸೂಲಿ. ಮನೆ, ಲೈಸೆನ್ಸ್, ಎಲ್ಲಾ. ಮಿಕ್ಕದ್ದು ಕೋರ್ಟು ನೋಡಿಕೊಳ್ಳುತ್ತೆ. ಯಾಕೆ ಕೇಳಿದಿರಿ?"

"ಸುಮ್ನೆ."

ಮಾರ್ಚ್ 1, ಶುಕ್ರವಾರ

ಮಾರ್ಚ್ ಮೊದಲ ದಿನ, ಊರೆಲ್ಲ ಕೈಗೆ ಶುಭದ ಕೆಂಪು ಬಿಳಿ ದಾರ. ಗೆಂಚೊ ಅಣ್ಣ ಪ್ರತಿ ವರ್ಷ ನನಗೆ ಕಟ್ಟುತ್ತಾನೆ. ಈ ವರ್ಷ ಬರಲಾರ ಅಂದುಕೊಂಡಿದ್ದೆ. ಬಂದ. ಎಷ್ಟು ಸಲ ಸುತ್ತಿದರೂ ಗಂಟು ಬೀಳಲೇ ಇಲ್ಲ, ಕೊನೆಗೆ ಮಿಲ್ಕಾ ಕಟ್ಟಿದಳು.

"ನನ್ನಿಂದ ನಿಂಗೂ ತೊಂದ್ರೆ ಆಯ್ತು ಲಾಜರ್."

"ನೀನು ಬಾಗ್ಲು ತೆಗ್ದಿದ್ದಾಣ್ಣ?"

"ಅದೇ ನೆನಪಾಗ್ತಿಲ್ಲಪ್ಪ. ಆ ಮೇಡಂ ನಾಲ್ಕು ಸಲ ಕೇಳಿದ್ರು. ಕೀಲಿ ಜೇಬಲ್ಲೇ ಇತ್ತು. ಪೆನ್ಕಾ ಹೋದ್ಮೇಲೆ ಒಲೆ ಹಚ್ಚಿದ್ದೂ ಮರೀತೀನಿ. ತೆಗ್ದೇ ಇರ್ಬೇಕು. ಇಲ್ದಿದ್ರೆ ಬಾಗ್ಲು ತಾನಾಗೇ ತೆರ್ಕೊಳ್ಳುತ್ತಾ? ನೀನು ಬೇರೆ ರಿಪೇರಿ ಮಾಡಿಟ್ಟಿದ್ದೆ."

ವೆನೆತಾಳ ತಾಯಿ ಮೆಟ್ಟಿಲಲ್ಲಿ ಎಲ್ಲರೆದುರು ಅವನ ಮುಖಕ್ಕೆ ಉಗಿದಳಂತೆ. ಅದನ್ನೂ ಅವನೇ ಹೇಳಿದ, ಅದು ನ್ಯಾಯ ಎನ್ನುವ ಹಾಗೆ. ತಂತಿ ನನ್ನ ಕೋಟಿನ ಒಳಜೇಬಿನಲ್ಲೇ ಇತ್ತು. ಅವನನ್ನು ಮೆಟ್ಟಿಲ ತನಕ ಕಳುಹಿಸಿ ಬಂದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಾರ್ಚ್ 8, ಶುಕ್ರವಾರ

ಹೆಂಗಸರ ಹಬ್ಬ. ಆಸ್ಪತ್ರೆಗೆ ಹೂ ತೆಗೆದುಕೊಂಡು ಹೋದೆ. ಅಂಗಡಿಯವಳು ನಾಲ್ಕು ಕಾರ್ನೇಷನ್ ಕಟ್ಟಿದ್ದಳು. ಬಾಗಿಲ ಹತ್ತಿರ ಎಣಿಸಿ ಗಾಬರಿಯಾಗಿ ಒಂದನ್ನು ಕಸದ ಬುಟ್ಟಿಗೆ ಹಾಕಿದೆ. ಸಮಸಂಖ್ಯೆ ಸತ್ತವರಿಗೆ.

ವೆನೆತಾ ಚಪ್ಪಟೆ ಮಲಗಿದ್ದಳು. ಕಣ್ಣು ಮಾತ್ರ ತಿರುಗುತ್ತಿತ್ತು.

"ಸೋಫಿಯಾದಲ್ಲಿ ಒಂದು ಆಪರೇಷನ್ ಇದೆಯಂತೆ ಲಾಜರಣ್ಣ. ಏಪ್ರಿಲ್ ಒಳಗೆ ಮಾಡಿಸಿದ್ರೆ ಕೋಲು ಹಿಡ್ಕೊಂಡು ನಡೀಬಹುದು. ತಡ ಆದ್ರೆ ಇಲ್ಲ. ವಿಮೆ ಬಂದ್ರೆ ಆಗುತ್ತೆ. ಬರುತ್ತಾ?"

"ಬರಬಹುದು."

"ಹೊಲಿಗೆ ಯಂತ್ರ ತುಳಿಯೋದು ಕಾಲಲ್ಲಿ. ಅದಕ್ಕೇ ಕೇಳ್ದೆ." ಆಮೇಲೆ ನನ್ನ ಕೋಟು ನೋಡಿದಳು. "ಜೇಬು ನಿಂತಿದೆಯಾ?"

ನಿಂತಿದೆ ಅಂದೆ. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಐವತ್ತೆಂಟು ವರ್ಷದ ಗಂಡಸು, ಪಾರ್ಕಿಂಗ್‌ನವನ ಎದುರಿಗೇ.

ಮಾರ್ಚ್ 21, ಗುರುವಾರ

ಟೆರ್ಜಿಯೆವಾ ಫೋನ್. ಮಂಗಳವಾರ ಮೇಲ್ವಿಚಾರಕರು ತನಿಖಾಧಿಕಾರಿಗೆ ಹೇಳಿಕೆ ಕೊಡುತ್ತಾರೆ. ಮುಂದಿನ ಶುಕ್ರವಾರ, 29ಕ್ಕೆ, ಫೈಲ್ ಮುಚ್ಚುತ್ತಾರಂತೆ. "ನೀವು ನೆಮ್ಮದಿಯಾಗಿರಿ."

ಕ್ರುಮ್‌ಗೆ ಹೇಳಿದೆ — ನಾನು ನಿಜ ಹೇಳಿಬಿಡುತ್ತೇನೆ.

"ಹೇಳು. ಸಾಕ್ಷಿ ಕಿತ್ತು ಜೇಬಿಗೆ ಹಾಕ್ಕೊಂಡಿದ್ದು ನಾನು, ನನ್ನನ್ನೂ ಒಳಗೆ ಹಾಕ್ತಾರೆ. ಭಾನುವಾರ ಅಕ್ಕತಂಗೀರು ಬುತ್ತಿ ಕಟ್ಕೊಂಡು ಒಟ್ಟಿಗೇ ಬರ್ಲಿ, ಬಸ್ ಚಾರ್ಜು ಉಳಿಯುತ್ತೆ." ನಗಲಿಲ್ಲ. ಆಮೇಲೆ, "ಮುದುಕನ ಮುಖ ನೋಡಕ್ಕೆ ನಂಗೂ ಆಗ್ತಿಲ್ಲ ಕಣೋ. ನಿಂಗೆ ಹೆಂಗ್ ಬೇಕೋ ಹಂಗ್ ಮಾಡು" ಅಂದ.

ಮಾರ್ಚ್ 26, ಮಂಗಳವಾರ

ಬೆಳಿಗ್ಗೆ ಎಂಟೂವರೆಗೆ, ಗೆಂಚೊ ಅಣ್ಣ ಬರುವ ಮೊದಲೇ, ತನಿಖಾಧಿಕಾರಿಯ ಹತ್ತಿರ ಹೋದೆ. ತಂತಿ ಹಾಕಿದ್ದು ನಾನು ಎಂದೆ. 18ರ ಸಹಿ ಜನವರಿಯಲ್ಲೇ ಹಾಕಿದ್ದು ಎಂದೆ. ತಂತಿಯನ್ನು ಮೇಜಿನ ಮೇಲಿಟ್ಟೆ. ಬರೆದುಕೊಂಡರು. ಗೆಂಚೊ ಅಣ್ಣನನ್ನು ಮನೆಗೆ ಕಳುಹಿಸಿದರು. ಎಲ್ಲ ಸರಿ.

ಮಾರ್ಚ್ 27, ಬುಧವಾರ

ಮೇಲಿನದು ಸುಳ್ಳು. ಸೋಮವಾರ ಸಂಜೆಯೇ ಕೂತು ಬರೆದಿಟ್ಟದ್ದು. ಬರೆದಿಟ್ಟರೆ ಹೋಗದೆ ಗತಿಯಿರುವುದಿಲ್ಲ ಎಂದುಕೊಂಡಿದ್ದೆ. ಬರೆದ ಮೇಲೆ ಎಷ್ಟು ಹಗುರವಾಯಿತೆಂದರೆ, ಹೋಗಿ ಬಂದವನ ಹಾಗೆ ಊಟ ಮಾಡಿದೆ, ನಿದ್ದೆ ಮಾಡಿದೆ. ನಿನ್ನೆ ಬೆಳಿಗ್ಗೆ ಎಂಟೂವರೆಗೆ ಕಾಫಿ ಕುಡಿಯುತ್ತಾ ಕೂತಿದ್ದೆ. ಒಂಬತ್ತಾಯಿತು. ಹತ್ತಾಯಿತು. ಏಳಲಿಲ್ಲ. ಅದೇ ಕೈ, ಅದೇ ಚಾಳಿ.

ಗೆಂಚೊ ಅಣ್ಣ ಹೋಗಿದ್ದಾನೆ. "ನಾನೇ ತೆಗೆದೆ" ಎಂದು ಸಹಿ ಹಾಕಿದ್ದಾನೆ. ಇರಬಹುದು ಅಂತಲೂ ಅಲ್ಲ — ತೆಗೆದೆ ಅಂತ. ಕ್ರುಮ್ ಹೇಳಿದ. ಮುದುಕ ವಾಪಸ್ ಬಂದು, ಬೀಗ ಜಡಿದ ಲಿಫ್ಟಿನ ಪಕ್ಕದಲ್ಲಿ ಐದು ಮಹಡಿ ಹತ್ತಿ, ವೆನೆತಾಳ ಮನೆ ಬಾಗಿಲು ತಟ್ಟಿ, ಅವಳ ತಾಯಿಯ ಎದುರು ಮಂಡಿಯೂರಿದನಂತೆ. ಎಪ್ಪತ್ತಾರು ವರ್ಷ. ಅವಳು ಬಾಗಿಲು ಹಾಕಿಕೊಂಡಳು. ಏಳಲಾಗದೆ ಅಲ್ಲೇ ಕೂತಿದ್ದ, ಮೇಲಿನ ಮನೆಯವರು ಎತ್ತಿ ಕರೆದೊಯ್ದರು.

ಮಿಲ್ಕಾಗೆ ಎಲ್ಲ ಹೇಳಿದೆ. ಮೊದಲಿಂದ. ಹೊಡೆಯುತ್ತಾಳೆ ಅಂದುಕೊಂಡೆ. ಬೀರು ತೆಗೆದಳು, ಪಾಲಿಸಿ ತೆಗೆದಳು, ಮನೆಯ ಪತ್ರವನ್ನೂ ತೆಗೆದು ಅದರ ಜೊತೆಗಿಟ್ಟಳು. "ಹದಿನೆಂಟಕ್ಕೆ ನೀವು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಪುಸ್ತಕದಲ್ಲಿ ಆ ತಾರೀಕು ಇತ್ತು ಅಂತ ಕೇಳಿದಾಗ್ಲೇ ನಂಗೆ ಗೊತ್ತಾಯ್ತು. ನೀವಾಗಿ ಹೇಳ್ತೀರಿ ಅಂತ ಒಂದು ತಿಂಗ್ಳಿಂದ ಕಾಯ್ತಿದೀನಿ" ಅಂದಳು.

ಮಾರ್ಚ್ 28, ಗುರುವಾರ, ಬೆಳಿಗ್ಗೆ 8.50

ತನಿಖಾಧಿಕಾರಿಯ ಕೋಣೆಯ ಹೊರಗೆ, ಮರದ ಬೆಂಚು. ಪಕ್ಕದಲ್ಲಿ ಮಿಲ್ಕಾ. ಅವಳ ಪಕ್ಕದಲ್ಲಿ, ಕರೆಯದೆಯೇ ಬಂದ ಕ್ರುಮ್ — ಟೋಪಿ ಕೈಯಲ್ಲಿ. ತಂತಿ ಒಳಜೇಬಿನಲ್ಲಿದೆ. ಮೂರು ಸಲ ಮುಟ್ಟಿ ನೋಡಿದೆ. ಹೊಲಿಗೆ ಗಟ್ಟಿಯಾಗಿದೆ.

ಕಾಲು ನಡುಗುತ್ತಿದೆ. ನಡುಗಲಿಕ್ಕಾದರೂ ಇವೆ ನನಗೆ.

ಬಾಗಿಲು ತೆರೆಯಿತು. ನನ್ನ ಹೆಸರೇ ಕೂಗಿದ್ದು. ಒಳಗೆ ಏನಾಯಿತೆಂದು ಮುಂಚೆಯೇ ಬರೆದಿಡುವುದಿಲ್ಲ. ಹೇಳಿ, ಹೊರಗೆ ಬಂದ ಮೇಲೆ ಇದೇ ಸಾಲಿನಿಂದ —