ನೀನು ಪೇಢೆ ಹಂಚಿದ ಉಂಗುರ

ನನ್ನ ಮುದ್ದು ಅಪ್ಪಾ,

ನಿನ್ನ ಮಗಳು ಈಗ ಕೆರೂರಿನ ಸೊಸೆ! ನೀನು ತೀರಿಹೋಗಿ ವರ್ಷ ತುಂಬುವುದರೊಳಗೇ ಆಗಬೇಕೆಂದು ಅವ್ವ ಹಟ ಹಿಡಿದು ಮದುವೆ ಮಾಡಿಸಿದಳು. ಇಪ್ಪತ್ತು ದಿನವಾಯಿತು. ಇವರು ಎಷ್ಟು ಒಳ್ಳೆಯವರು ಗೊತ್ತಾ? ದಿನಾ ನನ್ನ ಡಬ್ಬಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಬರುತ್ತಾರೆ. ನಗುತ್ತಲೇ ಬಾಗಲಕೋಟೆ ಬಸ್ಸು ಹತ್ತುತ್ತೇನೆ. ಲ್ಯಾಬ್ ಹತ್ತಿರವಾದಂತೆ ಮಾತ್ರ ಆ ನಗು ಉಳಿಯುವುದಿಲ್ಲ.

ಇಳಕಲ್ಲಿನ ಮನೆಯಲ್ಲಿ ಮಗ್ಗದ ಪಕ್ಕ ಕೂತು ನಿನಗೆ ನನ್ನ ಪಿಎಚ್‌ಡಿಯ ಮಾಲಿಕ್ಯೂಲಿನ ಉಂಗುರ ಬರೆದು ತೋರಿಸಿದ್ದು ನೆನಪಿದೆಯಾ? ಎಂಟು ಕಾರ್ಬನ್, ಒಂದು ನೈಟ್ರೋಜನ್. ಐದು ಪರಮಾಣುಗಳದು, ಆರರದು ಸಲೀಸು. ಒಂಬತ್ತರ ಉಂಗುರ ಸುಲಭಕ್ಕೆ ಕೂಡುವುದಿಲ್ಲ, ಅದಕ್ಕೇ ಔಷಧಿ ಹುಡುಕುವವರು ಆ ಕಡೆ ಹೆಚ್ಚು ಹೋಗಿಲ್ಲ ಎಂದಿದ್ದೆ. ನೀನು ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಹತ್ತಿ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತಿದ್ದೆ.

"ಎರಡು ತುದಿ ಹಿಡದು ಕೂಡ್ಸಾಕ ಅಷ್ಟ್ಯಾಕ ಒದ್ದಾಡ್ತಿ?"

ಕೈಯಲ್ಲಿ ಹಿಡಿಯಲಾಗದು, ತುದಿಗಳು ತಾವೇ ಭೇಟಿಯಾಗಬೇಕು, ಪಕ್ಕದ ಮಾಲಿಕ್ಯೂಲಿನ ತುದಿಗೆ ಸಿಕ್ಕಿಕೊಳ್ಳದಂತೆ ಬಹಳ ಸಾಲ್ವೆಂಟಿನೊಳಗೆ ಹನಿಹನಿಯಾಗಿ ಬಿಡಬೇಕು ಎಂದೆ.

"ಹಂಗಾದ್ರ ನಿನ್ನ ಕೈಲಿ ಆದಂಗ. ಹುಟ್ಟಾ ಗಡಿಬಿಡಿ ನೀ."

ಗಡಿಬಿಡಿಯನ್ನೇ ಮಾಡಿದೆ ಅಪ್ಪಾ. ನೀನು ದವಾಖಾನೆಯಲ್ಲಿದ್ದೆ, ನಿನ್ನನ್ನು ನೋಡಲು ಬಿಡುವ ಹೊತ್ತು ಮುಗಿಯುವುದರೊಳಗೆ ಬರಬೇಕಿತ್ತು. ಇಡೀ ದಿನ ಬಿಡಬೇಕಾದ್ದನ್ನು ಒಂದು ತಾಸಿನಲ್ಲಿ ಸುರಿದೆ. ಮಾಲಿಕ್ಯೂಲಿನ ರಚನೆ ತೋರಿಸುವ ಎನ್‌ಎಂಆರ್ ಗ್ರಾಫ್ ಎಷ್ಟು ಚಂದ ಬಂತು! ಉಂಗುರ ಕೂಡಿತೆಂದು ನಿನ್ನ ಕಿವಿಯಲ್ಲಿ ಹೇಳಿದೆ. ನೀನು ಪೇಢೆ ತರಿಸಿ ನರ್ಸುಗಳಿಗೆಲ್ಲ ಹಂಚಿಸಿದೆ. ಮೂರನೇ ದಿನಕ್ಕೆ ನೀನೇ...

ಮಾಲಿಕ್ಯೂಲಿನ ತೂಕ ನೋಡುವ ಯಂತ್ರ ನಮ್ಮಲ್ಲಿಲ್ಲ. ಹೊರಗೆ ಕಳಿಸಿದ್ದರ ವರದಿ ತಿಂಗಳುಗಟ್ಟಲೆ ಕಾಯಿಸಿ ಕಳೆದ ವಾರ ಬಂತು. ತೂಕ ಸರಿಯಾಗಿ ಎರಡು ಪಟ್ಟು! ಎರಡು ಮಾಲಿಕ್ಯೂಲು ಒಂದಕ್ಕೊಂದು ಸಿಕ್ಕಿಕೊಂಡು ಹದಿನೆಂಟರ ಉಂಗುರವಾಗಿವೆ. ಎರಡೂ ಅರ್ಧ ಒಂದೇ ಥರ ಇರುವುದರಿಂದ ಗ್ರಾಫಿನಲ್ಲಿ ಅದು ಗೊತ್ತಾಗಿರಲಿಲ್ಲ. ಗೈಡ್ ಮೇಡಂ ಆಗಲೇ ಲೇಖನ ಬರೆದಿಟ್ಟಿದ್ದರು. ಸ್ಯಾಂಪಲ್ಲು ಕ್ಯಾನ್ಸರ್ ಕೋಶಗಳ ಪರೀಕ್ಷೆಗೆ ಹೋಗಿತ್ತು. ಐದು ದಿನ ವರದಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಹೇಳಿದರೆ ನಿನ್ನ ಪೇಢೆಯೂ ಸುಳ್ಳಾಗುತ್ತದಲ್ಲ?

ಒಮ್ಮೆ ಒಂದು ಕೊಂಡಿ ತಪ್ಪಿದ್ದಕ್ಕೆ ನೀನು ಗೇಣುದ್ದ ನೇಯ್ದದ್ದನ್ನೇ ಬಿಚ್ಚಿದ್ದೆ. ಯಾರಿಗೆ ಕಾಣುತ್ತದೆ ಎಂದು ಅವ್ವ ಬೈದಳು.

"ನಾ ನೋಡೇನಲ್ಲ" ಎಂದೆ ನೀನು.

ನಿನ್ನೆ ವರದಿಯನ್ನು ಮೇಡಂ ಮುಂದೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಸ್ಯಾಂಪಲ್ ವಾಪಸ್ ತರಿಸುತ್ತೇನೆ, ಮೊದಲಿಂದ ಮಾಡು ಎಂದರು. ನನ್ನ ಮುಖ ನೋಡಲಿಲ್ಲ.

ಇವತ್ತು ಬೆಳಿಗ್ಗೆಯಿಂದ ಸಿರಿಂಜಿನ ಪಂಪು ಹನಿ ಬಿಡುತ್ತಿದೆ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೇನೆ. ನೀನಂತೂ ನಂಬಲಿಕ್ಕಿಲ್ಲ! ಈ ಸಲ ಗ್ರಾಫ್ ಎಷ್ಟೇ ಚಂದ ಬರಲಿ, ತೂಕ ನೋಡುವ ತನಕ ಯಾರಿಗೂ ಹೇಳುವುದಿಲ್ಲ ಅಪ್ಪಾ.

ನಿನಗೂ.

ನಿನ್ನ ಗಡಿಬಿಡಿ