ಅನಿಕ್‌ಗೊಂದು ಭಾನುವಾರ

ರಿವಿಯೇರ್-ದು-ಲೂ
ಮೇ ೧೪, ಬುಧವಾರ

ಪ್ರೀತಿಯ ಅನಿಕ್, ನನ್ನ ಪುಟ್ಟೀ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಮೊಮ್ಮಗಳು ಝೋಯೆಯ ಕೆಮ್ಮು? ಅವಳ ತಮ್ಮ ಎಲಿಯೋಗೆ ಹಾಕಿ ಆಟ ಮುಗಿದು ಈಗ ಫುಟ್‌ಬಾಲ್ ಶುರುವಾಗಿರಬೇಕು. ಅಂದರೆ ನಿನ್ನ ಕಾರಿಗೆ ಬಿಡುವಿಲ್ಲ, ನಿನಗಂತೂ ಮೊದಲೇ ಇಲ್ಲ. ಡೇರನ್‌ಗೆ ನನ್ನ ‘ಬೆಸ್ಟ್ ಕಾಂಪ್ಲಿಮೆಂಟ್ಸ್’ ತಿಳಿಸು. ಹಾಗೆನ್ನಬಹುದು ತಾನೇ? ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಈಗ ಉಳಿದಿರುವುದು ಹವಾಮಾನದ ಬಗ್ಗೆ ನಾಲ್ಕು ಮಾತು, ಜೊತೆಗೊಂದು ಕ್ಷಮಾಪಣೆ. ಫ್ರೆಂಚ್ ಬಾರದ ಅಳಿಯನೊಂದಿಗೆ ಇಷ್ಟು ವರ್ಷ ಅಷ್ಟರಲ್ಲೇ ಕಾಲ ಹಾಕಿದ್ದೇನೆ.

ನಾನು ಚೆನ್ನಾಗಿದ್ದೇನೆ. ನಿನ್ನೆ ಧೈರ್ಯ ಮಾಡಿ ಬಟಾಣಿ ಸೂಪ್ ಮಾಡಿದೆ. ಕಾಳು ನೆನೆಹಾಕಬೇಕೆಂಬುದೇ ಮರೆತುಹೋಗಿತ್ತು. ರುಚಿ ನೋಡಲು ಕೆಳಮನೆಯ ಮದಾಮ್ ಪಿನೋ ಅವರನ್ನು ಕರೆದೆ. ಒಂದು ಚಮಚ ಬಾಯಿಗಿಟ್ಟು, “ಫೆರ್ನಾನ್, ಇದನ್ನ ಬಂದೂಕಿಗೆ ತುಂಬ್ಕೊಂಡ್ರೆ ಬಾತುಕೋಳಿ ಬೇಟೆಗೆ ಹೋಗ್ಬಹುದು” ಅಂದರು. ತಿಂದೆ ಬಿಡು. ಒಬ್ಬನೇ ಕೂತು ತಿನ್ನುವಾಗ ಮೆತ್ತಗಿದೆಯೋ ಗಟ್ಟಿಯಿದೆಯೋ ಅಷ್ಟಾಗಿ ತಿಳಿಯುವುದಿಲ್ಲ. ಈಗೀಗ ಟೀವಿ ಹಾಕಿಕೊಂಡೇ ಉಣ್ಣುತ್ತೇನೆ, ಯಾರಾದರೂ ಮಾತಾಡುತ್ತಿರುತ್ತಾರೆ.

ಹೇಳಬೇಕೆಂದದ್ದು ಕಳೆದ ಭಾನುವಾರದ ಮಾತು. ಅವತ್ತು ತಾಯಂದಿರ ದಿನ. ಮಕ್ಕಳು ನಿನಗಾಗಿ ಬಣ್ಣದ ಕಾಗದ ಅಂಟಿಸಿ ಮಾಡಿದ ಕಾರ್ಡು ಕಾರಿನ ಸೀಟಿನ ಮೇಲೆಯೇ ಇತ್ತು, ನೋಡಿದೆ. ನೀನು ಎರಡು ಗಂಟೆ ಕಾರು ಓಡಿಸಿಕೊಂಡು ಬಂದು, ಅಪ್ಪನಿಗೆ ವಾರಕ್ಕಾಗುವಷ್ಟು ಬೇಯಿಸಿ, ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಅಮ್ಮ ಹೋದಾಗಿನಿಂದ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಮಾಂಸ ಬೇಯುತ್ತಿದ್ದಾಗ ಬಾಲ್ಕನಿಗೆ ಹೋಗಿ ಅಮ್ಮನ ತೂಗುಕುರ್ಚಿಯಲ್ಲಿ ಕೂತೆಯಲ್ಲ, ಆಗ ನಾನು ಬಾಗಿಲಿಗೆ ಬಂದೆ. ನನಗೇನೂ ಬೇಕಿರಲಿಲ್ಲ, ನೀನು ಕೂತಿರುವುದನ್ನು ನೋಡಬೇಕಿತ್ತು ಅಷ್ಟೇ. ಹೆಜ್ಜೆ ಸಪ್ಪಳ ಕೇಳಿದ್ದೇ ಕದ್ದು ಸಿಕ್ಕಿಬಿದ್ದವಳಂತೆ ದಡಕ್ಕನೆ ಎದ್ದುಬಿಟ್ಟೆ. “ಏನ್ ಬೇಕಿತ್ತು ಪಪಾ? ಬಂದೆ, ಬಂದೆ” ಅಂದೆ. ನೀನು ಒಳಗೆ ಹೋದ ಮೇಲೂ ಕುರ್ಚಿ ತೂಗುತ್ತಲೇ ಇತ್ತು. ಖಾಲಿ ಕುರ್ಚಿ ತೂಗಿದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿ ಬೆಳೆದವನು ನಾನು. ಹೋಗಿ ಕೈಯಿಂದ ಹಿಡಿದು ನಿಲ್ಲಿಸಿದೆ.

ನಿಮ್ಮಮ್ಮನಿಗೇನು ಕೆಲಸ ಕಡಿಮೆಯಿತ್ತೇ? ನೀವು ಮೂವರು, ಮನೆ, ಅದರ ಮೇಲೆ ಊರವರ ಬಟ್ಟೆ ಹೊಲಿಗೆ. ಆದರೂ ಮಧ್ಯಾಹ್ನದ ಪಾತ್ರೆ ತೊಳೆದು ಆ ಕುರ್ಚಿಯಲ್ಲಿ ಕೂತಳೆಂದರೆ ಮುಗಿಯಿತು. ಮೊಣಕಾಲು ತರಚಿಕೊಂಡು ನೀನು ಅಳುತ್ತ ಬಂದರೂ ಕಣ್ಣು ಬಿಡುತ್ತಿರಲಿಲ್ಲ. “ನಿಮ್ಮಮ್ಮ ಇಲ್ಲಿಲ್ಲ ಪುಟ್ಟಿ, ಮೂರು ಗಂಟೆಗೆ ಬರ್ತಾಳೆ. ಅಲ್ಲೀವರ್ಗೂ ಅಪ್ಪನ ಹತ್ರ ಅಳು” ಅನ್ನುತ್ತಿದ್ದಳು. ಮೂರಕ್ಕೆ ನಿಜವಾಗಿಯೂ ಎಲ್ಲಿಗೋ ಹೋಗಿ ಬಂದವಳ ಹಾಗೆ ನಗುತ್ತ ಎದ್ದು ಬರುತ್ತಿದ್ದಳು. ಸೋಮಾರಿ ಎಂದು ನನ್ನಕ್ಕ ಆಡಿಕೊಂಡರೂ ನಿಮ್ಮಮ್ಮ, ನನ್ನ ರೋಲಾಂದ್, ಆ ಕುರ್ಚಿ ಬಿಟ್ಟುಕೊಡಲಿಲ್ಲ. ನಿನಗೆ ಅವಳ ಕೈರುಚಿ ಬಂತು, ಆ ಕೂರುವುದು ಮಾತ್ರ ಬರಲಿಲ್ಲ.

ನನ್ನ ಕಡೆಯದನ್ನೂ ಹೇಳಿಬಿಡುತ್ತೇನೆ. ವಾರದಲ್ಲಿ ನನಗೆ ದಿನವೆನ್ನುವುದು ಒಂದೇ, ನೀನು ಬರುವ ದಿನ. ಕಾರು ಮೂಲೆಯಲ್ಲಿ ತಿರುಗಿ ಮರೆಯಾದ ಮೇಲೆ ಈ ಮೂರು ಕೋಣೆಯ ಬಾಡಿಗೆ ಮನೆ ಹೇಗೆ ಅಷ್ಟು ದೊಡ್ಡದಾಗುತ್ತದೆಯೋ ಕಾಣೆ. ದೀಪ ಹಾಕಲೂ ಮನಸ್ಸಾಗುವುದಿಲ್ಲ. ಇದು ನಿನ್ನನ್ನು ಹೆದರಿಸಲು ಬರೆದದ್ದಲ್ಲ. ಕೊನೆಯಲ್ಲಿ ಬರೆಯುವುದನ್ನು ಸುಮ್ಮನೆ ಬರೆದೆ ಎಂದು ನೀನು ತಿಳಿಯಬಾರದು, ಅದಕ್ಕೆ.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ಮಕ್ಕಳ ಎರಡೂ ಕೆನ್ನೆಗೆ ನನ್ನ ಮುತ್ತು. ಒಳ್ಳೆಯ ದೇವರು ನಿನ್ನ ದಾರಿ ಕಾಯಲಿ.

ನಿನ್ನ ಪಪಾ,
ಫೆರ್ನಾನ್

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಗೀಚುತ್ತಿದ್ದೇನೆ. ಈ ಭಾನುವಾರ ಎಂದಿನಂತೆ ಬೆಳಿಗ್ಗೆ ಮನೆಯಿಂದ ಹೊರಡು. ಆದರೆ ಇಲ್ಲಿಗೆ ಬರಬೇಡ. ಫ್ರೀಜರ್ ತುಂಬಿದೆ. ಹೋಗುವ ಎರಡು ಗಂಟೆ, ಬರುವ ಎರಡು ಗಂಟೆ, ನಡುವಿನ ಅಡುಗೆಯ ಹೊತ್ತು, ಎಲ್ಲವೂ ನಿನ್ನದು. ನದಿ ಕಾಣುವ ಕಡೆ ಕಾರು ನಿಲ್ಲಿಸಿ ನಿದ್ದೆ ಮಾಡಿದರೂ ಸರಿ. ಡೇರನ್ ಇಲ್ಲಿಗೆ ಫೋನ್ ಮಾಡಿದರೆ ನೀನು ಇಲ್ಲೇ ಇದ್ದೀಯ, ಕೈ ಹಿಟ್ಟಾಗಿದೆ ಎಂದು ನಾನೇ ಹೇಳುತ್ತೇನೆ. ಸಂಜೆ ಮನೆ ಸೇರಿದೆ ಎಂದಷ್ಟೇ ನನಗೊಂದು ಫೋನ್ ಮಾಡು. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ.